ವಿಷಕ್ಕೊಂದು ಫೋನು

ಚಿಕಾಗೊ: ಕೆಂಪು ಪುಡಿ

ಅಮೆರಿಕದ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಸುಂಕದ ಅಧಿಕಾರಿಯ ಎದುರು ನಿಂತು ಒಂದು ಚಮಚ ಶೇಂಗಾ ಚಟ್ನಿ ಪುಡಿ ತಿಂದದ್ದು.

ತಪ್ಪು ನಮ್ಮದೇ. ಹೊರಡುವ ದಿನ ಮತ್ತಿಕೆರೆಯ ಮನೆಯಲ್ಲಿ ಪೆಟ್ಟಿಗೆ ತುಂಬುತ್ತ ನಮ್ಮವರು, "ಅಲ್ಲಿ ಏನ್ ತಿಂತೀ ನೀ? ಇದೊಂದಿದ್ರ ಅವ್ರು ಏನ್ ಕೊಟ್ರೂ ಊಟ ಆಗ್ತದ" ಎಂದು ಪುಡಿಯ ಬಾಟಲಿಯನ್ನು ಸೀರೆಗಳ ನಡುವೆ ಸಿಕ್ಕಿಸಿದ್ದರು. ಅವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಗದಗ ಬಿಟ್ಟು ಬೆಂಗಳೂರು ಸೇರಿ ಹತ್ತು ವರ್ಷವಾಗಿದ್ದರೂ ಈ ಪುಡಿಯಿಲ್ಲದೆ ನಮ್ಮ ಮನೆಯಲ್ಲಿ ಊಟವಿಲ್ಲ. ಅದನ್ನು ತುಂಬಿಟ್ಟಿದ್ದು ನಾನು ಆಸ್ಪತ್ರೆಯಿಂದ ತಂದಿದ್ದ ಮಾತ್ರೆಗಳ ದೊಡ್ಡ ಖಾಲಿ ಬಾಟಲಿಯಲ್ಲಿ. ಮೇಲಿನ ಚೀಟಿಯನ್ನು ಕಿತ್ತಿರಲಿಲ್ಲ.

ಅಧಿಕಾರಿ ಚೀಟಿಯನ್ನು ಓದಿದ. ಒಳಗಿನ ಕೆಂಪು ಪುಡಿಯನ್ನು ನೋಡಿದ. ಯಾವ ಕೆಲಸಕ್ಕಾಗಿ ಬಂದಿರಿ ಎಂದು ಕೇಳಿದ. ನಾನು ಹೆಮ್ಮೆಯಿಂದಲೇ ಕಾಗದ ತೆಗೆದುಕೊಟ್ಟೆ. ವಿಷ ಮಾಹಿತಿ ಕೇಂದ್ರವೊಂದರಲ್ಲಿ ಆರು ವಾರ ತರಬೇತಿ ಪಡೆಯಲು ಬಂದ ವೈದ್ಯೆ ಎಂದು ಅದರಲ್ಲಿ ಬರೆದಿತ್ತು. ಅವನು 'ವಿಷ' ಎಂಬ ಪದದ ಮೇಲೆ ಬೆರಳಿಟ್ಟು, ಬಾಟಲಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಇನ್ನೊಬ್ಬ ಅಧಿಕಾರಿಯನ್ನು ಕರೆದ. ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ತಿಳಿದು, ಚಮಚ ತೆಗೆದು ಅವರ ಎದುರೇ ತಿಂದೆ. ಹೊಟ್ಟೆಯಲ್ಲಿ ಬೇರೇನೂ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ತನ್ನ ಕೆಲಸ ಮಾಡಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಹಿರಿಯವನು ಬಾಟಲಿಯನ್ನು ಮೂಸಿ, ನಾಲ್ಕು ಸಲ ಸೀನಿ, ಕೈ ಬೀಸಿ ನನ್ನನ್ನು ಬಿಟ್ಟುಬಿಟ್ಟ.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಉತ್ತರ ಭಾಗದ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನನಗೆ ಕೆಲಸ. ಅಂತರರಾಷ್ಟ್ರೀಯ ಸಂಸ್ಥೆಯೊಂದು ಕೊಡುವ ಪ್ರವಾಸ ವೇತನಕ್ಕೆ ನಮ್ಮ ಆಸ್ಪತ್ರೆಯಿಂದ ಒಂದು ಹೆಸರು ಕೇಳಿದ್ದರು. ಹೃದಯ, ಮಿದುಳು ಎಂದಿದ್ದರೆ ದೊಡ್ಡವರೆಲ್ಲ ಮುಂದೆ ಬರುತ್ತಿದ್ದರು. ವಿಷವೆಂದಿದ್ದರಿಂದ ನನ್ನವರೆಗೆ ಬಂತು. ಬಂದ ಮೇಲೆ ಒಂದು ವರದಿ ಬರೆದುಕೊಡಿ, ಕಡತಕ್ಕೆ ಹಾಕೋಣ ಎಂದು ನಮ್ಮ ಸೂಪರಿಂಟೆಂಡೆಂಟರು ಹರಸಿ ಕಳಿಸಿದ್ದರು.

ಜೋಳದ ನಾಡಿನ ಊರು

ಚಿಕಾಗೊದಿಂದ ಬಸ್ಸಿನಲ್ಲಿ ಅರ್ಧ ದಿನ. ಊರಿನ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ಮುಂದೆ ಹೇಳುವ ಕೆಲವು ಮಾತಿನಿಂದ ಅಲ್ಲಿಯವರಿಗೆ ಮುಜುಗರವಾಗಬಾರದು. ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳು, ದಿಗಂತದವರೆಗೆ. ಕಿಟಕಿಗೆ ಮುಖ ಒತ್ತಿ ಕುಳಿತವಳಿಗೆ ಗದಗದ ಎರೆಹೊಲಗಳ ನೆನಪಾಗಿ ಬಾಯಿಗೆ ರೊಟ್ಟಿಯ ರುಚಿ ಬಂತು. ಪಕ್ಕದ ಮುದುಕ, ಇದೆಲ್ಲ ಹಂದಿಗಳಿಗೆ ಎಂದು ಹೇಳಿದ.

ಬಸ್ಸು ನಿಲ್ದಾಣದಲ್ಲಿ ಹೆಲೆನ್ ಕಾಯುತ್ತಿದ್ದಳು. ಐವತ್ತು ದಾಟಿದ ಹಿರಿಯ ನರ್ಸ್, ಗಂಡ ತೀರಿಹೋಗಿ ಒಬ್ಬಳೇ ಇದ್ದಳು. ನನಗೆ ತನ್ನ ಮನೆಯಲ್ಲೇ ಕೋಣೆ ಕೊಟ್ಟಿದ್ದಳು. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದು ಕಾಗದದಲ್ಲಿ ತಿಳಿಸಿದ್ದೆ. ಅದನ್ನು ಅವಳು ತನ್ನ ಕಸುಬಿನ ಪ್ರಶ್ನೆಯಾಗಿ ತೆಗೆದುಕೊಂಡಿದ್ದಳು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಕನ್ನಡಕ ಏರಿಸಿ, ಪ್ರತಿಯೊಂದರ ಮೇಲಿನ ಸಣ್ಣಕ್ಷರವನ್ನೂ ಓದುತ್ತಿದ್ದಳು. ಬೀನ್ಸ್ ಕಾಳಿನ ಡಬ್ಬಿಯಲ್ಲಿ ಹಂದಿಯ ಕೊಬ್ಬು, ಬಿಸ್ಕತ್ತಿನಲ್ಲಿ ದನದ ಕೊಬ್ಬು. ಒಂದೊಂದನ್ನೂ ಪತ್ತೆ ಹಚ್ಚಿದಾಗ ಅವಳಿಗೆ ಕಳ್ಳನನ್ನು ಹಿಡಿದಷ್ಟು ಸಂತೋಷ. ನನಗೆ ಉಳಿದದ್ದು ಬ್ರೆಡ್ಡು, ಆಲೂಗಡ್ಡೆ, ಹಾಲು. ಚಟ್ನಿ ಪುಡಿ ಇದ್ದದ್ದರಿಂದ ಬದುಕಿದೆ.

ಆ ಬಾಟಲಿಯನ್ನು ನೋಡಿ ಮಾತ್ರ ಅವಳು ಗಂಭೀರಳಾದಳು. ತಿನ್ನುವುದನ್ನು ಔಷಧದ ಬಾಟಲಿಯಲ್ಲಿ ಇಡಬಾರದು, ಔಷಧವನ್ನು ತಿನ್ನುವುದರ ಬಾಟಲಿಯಲ್ಲಿ ಇಡಲೇಬಾರದು ಎಂದು ನನಗೆ, ಹದಿನಾಲ್ಕು ವರ್ಷ ವೈದ್ಯಕೀಯ ಮಾಡಿದವಳಿಗೆ, ಶಾಲೆಯ ಮಗುವಿಗೆ ಹೇಳಿದಂತೆ ಹೇಳಿದಳು. ಪುಡಿಯನ್ನು ಒಂದು ಗಾಜಿನ ಭರಣಿಗೆ ಸುರಿದು, ಮೇಲೆ ಚೀಟಿ ಅಂಟಿಸಿ, ಅದರ ಹೆಸರೇನೆಂದು ಕೇಳಿ ಬರೆದಳು. ನಮ್ಮಲ್ಲಿ ಬಾಟಲಿ ಎಂದರೆ ಬಾಟಲಿ. ಅದರಲ್ಲಿ ಮೊದಲು ಏನಿತ್ತು ಎಂದು ಯಾರು ಕೇಳುತ್ತಾರೆ?

ಎರಡನೆಯ ಮಹಡಿಯ ಕೋಣೆ

ವಿಷ ಮಾಹಿತಿ ಕೇಂದ್ರವೆಂದರೆ ದೊಡ್ಡ ಪ್ರಯೋಗಶಾಲೆಯಿರಬಹುದು ಎಂದುಕೊಂಡಿದ್ದೆ. ಅದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಒಂದು ಕೋಣೆ. ಕಿಟಕಿಯಿಲ್ಲ. ನಾಲ್ಕು ಫೋನು, ಗೋಡೆಯುದ್ದಕ್ಕೂ ಉಕ್ಕಿನ ಖಾನೆಗಳಲ್ಲಿ ಸಾವಿರಾರು ಕಾರ್ಡುಗಳು, ಅಂಗೈಯಗಲದ ಫಿಲ್ಮ್ ಹಾಳೆಗಳನ್ನು ಬೆಳಕಿಗೆ ಹಿಡಿದು ಓದುವ ಒಂದು ಯಂತ್ರ. ಅಷ್ಟೇ. ಆ ರಾಜ್ಯದ ಯಾವ ಮನೆಯಲ್ಲಿ ಯಾವ ಮಗು ಏನು ನುಂಗಿದರೂ ತಾಯಿ ಇಲ್ಲಿಗೆ ಫೋನು ಮಾಡುತ್ತಾಳೆ. ನರ್ಸು ಕಾರ್ಡು ತೆಗೆದು, ಏನು ಮಾಡಬೇಕೆಂದು ಹೇಳುತ್ತಾಳೆ. ಹೆಚ್ಚಿನ ಸಲ ಹೇಳುವುದು, ಹೆದರಬೇಡಿ, ಮನೆಯಲ್ಲೇ ಇರಿ ಎಂದು.

ಒಂದು ವಾರ ಕೇಳಿಸಿಕೊಂಡ ಮೇಲೆ ನನಗೂ ಫೋನು ಕೊಟ್ಟರು. ಮೊದಲ ಕರೆಯಲ್ಲೇ ಎಡವಿದೆ. ಮಗು ಸಾಬೂನು ತಿಂದಿತ್ತು. ಮಗುವಿನ ತೂಕ ಬೇಕಿತ್ತು. "ವೇಟ್, ಪ್ಲೀಸ್" ಎಂದೆ. ಆ ಕಡೆಯಿಂದ ಮಾತಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ವೇಟ್" ಎಂದೆ. ಆ ತಾಯಿ ವಿನಯದಿಂದ ಕಾಯುತ್ತಲೇ ಇದ್ದಳು. ನಾನೂ ಕಾಯುತ್ತಿದ್ದೆ. ಹೀಗೆ ಇಬ್ಬರೂ ಒಂದು ನಿಮಿಷ ಪರಸ್ಪರ ಕಾದ ಮೇಲೆ ಹೆಲೆನ್ ನಗು ತಡೆಯಲಾಗದೆ ಬಂದು ಫೋನು ತೆಗೆದುಕೊಂಡಳು. ಅಂದಿನಿಂದ ನಾನು ಎಷ್ಟು ಪೌಂಡು ಎಂದೇ ಕೇಳುತ್ತಿದ್ದೆ. ಅಲ್ಲಿಯ ತಾಯಂದಿರೆಲ್ಲ ತಡವರಿಸದೆ ಹೇಳುತ್ತಿದ್ದರು. ನಮ್ಮಲ್ಲಿ ತಾಯಿಯನ್ನು ಮಗುವಿನ ತೂಕ ಕೇಳಿದರೆ, ಮಗುವನ್ನೇ ಎತ್ತಿ ನಮ್ಮ ಕೈಗೆ ಕೊಡುತ್ತಾಳೆ.

ಮೂರನೆಯ ವಾರದ ಒಂದು ಮಧ್ಯಾಹ್ನ ಹೆಲೆನ್ ಮಾತಾಡುತ್ತಿದ್ದ ಕರೆಯೊಂದು ಕಿವಿಗೆ ಬಿತ್ತು. ಮೆಕ್ಸಿಕೊಗೆ ಹೋಗಿಬಂದ ಅತ್ತೆಯೊಬ್ಬಳು ತಂದುಕೊಟ್ಟ ಬಳೆಯಿಂದ ಎರಡು ವರ್ಷದ ಮಗು ಒಂದು ಮಣಿಯನ್ನು ಕಿತ್ತು ನುಂಗಿದೆ. ಮಣಿ ಹೇಗಿದೆ? ಕೆಂಪಗೆ, ಒಂದು ತುದಿಯಲ್ಲಿ ಕಪ್ಪು ಚುಕ್ಕೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಗುಲಗಂಜಿ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುವ ಬೀಜ; ಅದರ ವಿಷವೂ ನಮ್ಮ ಜನಕ್ಕೆ ಗೊತ್ತಿದ್ದದ್ದೇ. ಈ ಕೋಣೆಯಲ್ಲಿ ನನಗೊಬ್ಬಳಿಗೇ ತಿಳಿದ ವಿಷಯವೊಂದು ಕೊನೆಗೂ ಸಿಕ್ಕಿತೆಂದು ಬಾಯಿ ತೆರೆಯುವಷ್ಟರಲ್ಲಿ ಹೆಲೆನ್ ಕಾರ್ಡು ಹೊರತೆಗೆದಾಗಿತ್ತು. ಅದರ ಮೇಲೆ ಬೀಜದ ಬಣ್ಣದ ಚಿತ್ರವೂ ಇತ್ತು.

ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನನ್ನು ಕೂರಿಸಿತು. "ಮಣಿಗೆ ತೂತು ಇದೆಯಾ?"

ಇಡೀ ಬೀಜವನ್ನು ನುಂಗಿದರೆ ಅದರ ಗಟ್ಟಿ ಸಿಪ್ಪೆಯ ದೆಸೆಯಿಂದ ಬಹಳ ಸಲ ಹಾಗೆಯೇ ಹೊರಗೆ ಬೀಳುತ್ತದೆ. ದಾರಕ್ಕೆ ಪೋಣಿಸಲು ತೂತು ಕೊರೆದಿದ್ದರೆ ವಿಷಕ್ಕೆ ಬಾಗಿಲು ತೆರೆದಂತೆ. ಗುಲಗಂಜಿಯ ನಾಡಿನವಳಾದ ನಾನು ಈ ಪ್ರಶ್ನೆಯನ್ನು ಒಂದು ಸಲವೂ ಯಾರನ್ನೂ ಕೇಳಿದ್ದಿಲ್ಲ. ತೂತು ಇತ್ತು. ಹೆಲೆನ್ ಅವರನ್ನು ಹತ್ತಿರದ ಆಸ್ಪತ್ರೆಗೆ ಹೊರಡಿಸಿ, ಅವರು ತಲುಪುವ ಮೊದಲೇ ಅಲ್ಲಿಯ ವೈದ್ಯನಿಗೆ ಫೋನು ಮಾಡಿ ಕಾರ್ಡನ್ನು ಓದಿ ಹೇಳಿದಳು. ಸಂಜೆ ಮತ್ತೆ ವಿಚಾರಿಸಿದಳು. ಮರುದಿನ ಮತ್ತೆ. ಮೂರನೆಯ ದಿನ ಮಗು ಮನೆಗೆ ಹೋಯಿತೆಂದು ತಿಳಿದ ಮೇಲೆಯೇ ಆ ಕರೆಯ ವಿವರ ಬರೆದಿದ್ದ ಕಾಗದವನ್ನು ಖಾನೆಗೆ ಹಾಕಿದಳು.

ಅಂದೇ ಅವಳು ನನಗೆ ಇನ್ನೊಂದು ಸಂಗತಿ ಹೇಳಿದ್ದು. ಕೇಂದ್ರ ಮುಚ್ಚುವ ಮಾತು ನಡೆದಿತ್ತು. ವಾಷಿಂಗ್ಟನ್ನಿನಿಂದ ಬರುತ್ತಿದ್ದ ನೆರವು ನಿಂತುಹೋಗಿತ್ತು. ಆಸ್ಪತ್ರೆಯವರು, ನಮಗೆ ಇದರಿಂದ ಒಬ್ಬ ರೋಗಿಯೂ ಬರುವುದಿಲ್ಲ, ನಾವೇಕೆ ಸಾಕಬೇಕು ಎನ್ನುತ್ತಿದ್ದರು. ಅವರ ಮಾತಿನಲ್ಲೂ ಸತ್ಯವಿತ್ತು. ಕೇಂದ್ರ ಚೆನ್ನಾಗಿ ಕೆಲಸ ಮಾಡಿದಷ್ಟೂ ಆಸ್ಪತ್ರೆಗೆ ಬರುವವರು ಕಡಿಮೆ. ಇನ್ನು ಉಳಿದದ್ದು ರಾಜ್ಯ ಸರ್ಕಾರ. ಶಾಸಕರ ಸಮಿತಿಯೊಂದು ಮುಂದಿನ ವಾರ ಅಹವಾಲು ಕೇಳಲಿತ್ತು. "ನೀವೂ ಬನ್ನಿ, ನಮ್ಮ ಕಡೆ ಒಂದು ತಲೆ ಹೆಚ್ಚಾಗಿ ಕಾಣಲಿ" ಎಂದಳು.

ರಾಜಧಾನಿ: ಒಂದು ಪ್ರಶ್ನೆ

ನಮ್ಮ ವಿಧಾನಸೌಧವನ್ನು ನೋಡಿದವರಿಗೆ ಅವರ ಶಾಸನಸಭೆಯ ಕಟ್ಟಡ ದೊಡ್ಡದೆನಿಸುವುದಿಲ್ಲ. ಬೆರಗಾದದ್ದು ಬೇರೆಯದಕ್ಕೆ. ಬಾಗಿಲಲ್ಲಿ ಯಾರೂ ತಡೆಯಲಿಲ್ಲ, ಚೀಟಿ ಕೇಳಲಿಲ್ಲ. ಸಮಿತಿಯ ಕೋಣೆಯಲ್ಲಿ ಹಿಂದಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತ ಕುಳಿತಿದ್ದಳು. ಅವಳಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲವಂತೆ. ಚಳಿಗಾಲದಲ್ಲಿ ದಿನವೂ ಬಂದು ಕೇಳುತ್ತಾಳಂತೆ.

ಸಮಿತಿಯ ಅಧ್ಯಕ್ಷರು ಬಿತ್ತನೆ ಬೀಜದ ವ್ಯಾಪಾರಿ. ದಪ್ಪ ಬೂಟು, ನಿಧಾನದ ಮಾತು. ಕೇಂದ್ರದ ನಿರ್ದೇಶಕರು ಅಂಕಿಗಳನ್ನು ಓದುತ್ತಿದ್ದಾಗ ಅವರು ಮೇಲ್ಛಾವಣಿ ನೋಡುತ್ತಿದ್ದರು. ಆಮೇಲೆ ಹೆಲೆನ್ ಎದ್ದು, ಹಿಂದಿನ ದಿನದ ಕರೆಗಳನ್ನು ಹೆಸರು ಬಿಟ್ಟು ಓದಿದಳು. ಬ್ಲೀಚು ಕುಡಿದ ಮಗು. ಅಜ್ಜನ ಹೃದಯದ ಮಾತ್ರೆ ನುಂಗಿದ ಮಗು. ಕಣ್ಣಿಗೆ ಗೊಬ್ಬರದ ದ್ರವ ಸಿಡಿದ ರೈತ. ಅಧ್ಯಕ್ಷರ ಕಣ್ಣು ಕೆಳಗಿಳಿಯಿತು. ಆದರೂ ಅವರು, ತಂದೆತಾಯಂದಿರು ಎಚ್ಚರದಿಂದಿದ್ದರೆ ಇದೇನೂ ಬೇಡ, ಆಸ್ಪತ್ರೆಗಳಂತೂ ಇದ್ದೇ ಇವೆ, ಫೋನಿಗೆ ಸರ್ಕಾರ ಏಕೆ ದುಡ್ಡು ಕೊಡಬೇಕು ಎಂದರು. ಅದು ಕೆಟ್ಟ ಮನಸ್ಸಿನ ಮಾತಾಗಿರಲಿಲ್ಲ. ನಮ್ಮ ಊರಿನ ಯಾವ ಹಿರಿಯರೂ ಕೇಳಬಹುದಾದ ಪ್ರಶ್ನೆ.

ಆಗ ಅವರ ದೃಷ್ಟಿ ನನ್ನ ಸೀರೆಯ ಮೇಲೆ ಬಿತ್ತು. ಯಾರೆಂದು ವಿಚಾರಿಸಿದರು. ನಿರ್ದೇಶಕರು ಪರಿಚಯ ಹೇಳಿದರು. "ನಿಮ್ಮ ಊರಿನಲ್ಲಿ ಇಂಥ ಫೋನಿಲ್ಲವಲ್ಲ ಡಾಕ್ಟರ್? ನೀವು ಹೇಗೆ ನಡೆಸುತ್ತೀರಿ?" ಎಂದು ನನ್ನನ್ನೇ ಕೇಳಿದರು.

ಎದ್ದು ನಿಂತೆ. ಪರದೇಶದ ಸಭೆಯಲ್ಲಿ ನಮ್ಮ ಆಸ್ಪತ್ರೆಯನ್ನು ಬಿಟ್ಟುಕೊಡಬಾರದು ಎಂಬುದೊಂದು ಮನಸ್ಸು. ನಮ್ಮಲ್ಲಿಯೂ ಒಳ್ಳೆಯ ವೈದ್ಯರಿದ್ದಾರೆ ಎಂದು ಹೇಳಿ ಕುಳಿತುಕೊಳ್ಳಬಹುದಿತ್ತು. ಹೇಳಲು ಹೊರಟದ್ದೂ ಅದನ್ನೇ. ಆದರೆ ಬಾಯಿಗೆ ಬಂದದ್ದು, ಎರಡು ವರ್ಷದಿಂದ ನಮ್ಮವರಿಗೂ ಪೂರ್ತಿ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿ.

ಯಲಹಂಕದ ಕಡೆಯಿಂದ ಒಬ್ಬ ತಾಯಿ ಮೂರು ವರ್ಷದ ಹುಡುಗನನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಳು. ತಿಗಣೆ ಔಷಧ ಕುಡಿದಿದ್ದಾನೆ ಎಂದಳು. ಬಾಟಲಿ ತಂದಿರಲಿಲ್ಲ. ನಾನು ಅವಳ ಮಾತು ನಂಬಿ, ನಳಿಕೆ ಹಾಕಿ ಹುಡುಗನ ಹೊಟ್ಟೆ ತೊಳೆಸಿದೆ. ಒಂದು ಗಂಟೆಯ ಮೇಲೆ ತಂದೆ ಸೈಕಲ್ಲಿನಲ್ಲಿ ಬಾಟಲಿ ಹಿಡಿದುಕೊಂಡು ಬಂದ. ತಿಗಣೆ ಔಷಧದ ಬಾಟಲಿ ಹೌದು. ಆದರೆ ಅದು ಖಾಲಿಯಾದ ಮೇಲೆ ಅವನು ಅದರಲ್ಲಿ ಬಾಗಿಲಿಗೆ ಹಚ್ಚುವ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ತುಂಬಿಟ್ಟಿದ್ದ. ಅಂಥ ಎಣ್ಣೆಗೆ ಹಾಗೆ ಹೊಟ್ಟೆ ತೊಳೆಯಬಾರದು. ಮೇಲೆ ಬಂದು ಶ್ವಾಸಕೋಶ ಸೇರುತ್ತದೆ. ಸೇರಿತು. ಒಂದೇ ಒಂದು ಮಾತು, ಮನೆಯಲ್ಲಿದ್ದವರನ್ನು, ಬಾಟಲಿಯಲ್ಲಿ ಏನಿತ್ತು ಎಂದು ಕೇಳುವ ದಾರಿ ನನಗಿರಲಿಲ್ಲ. ನಮ್ಮ ಆಸ್ಪತ್ರೆಯ ಫೋನು ಮೇಲಧಿಕಾರಿಯ ಕೋಣೆಯಲ್ಲಿದೆ, ಅವರು ಹೋದರೆ ಕೋಣೆಗೆ ಬೀಗ. "ನಾವು ಹೀಗೆ ನಡೆಸುತ್ತೇವೆ ಸರ್" ಎಂದು ಕುಳಿತೆ.

ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿಯ ಕಡ್ಡಿಗಳ ಸದ್ದು ನಿಂತಿತ್ತು.

"ಆ ಹುಡುಗ ಏನಾದ?" ಎಂದರು ಅಧ್ಯಕ್ಷರು.

"ಬದುಕಿದ. ಎರಡು ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿದ್ದ. ಅವನು ಉಸಿರಾಡುವುದನ್ನು ನಾನು ದಿನವೂ ನಿಂತು ನೋಡುತ್ತಿದ್ದೆ."

ಹಿಂತಿರುಗುವ ದಾರಿಯಲ್ಲಿ ಕಾರಿನಲ್ಲಿ ಕುಳಿತು, ಊರಿನ ಮಾನ ಕಳೆದೆನೇ ಎಂದು ಕೊರಗುತ್ತಿದ್ದೆ. ಹೆಲೆನ್, ತಾನೂ ಹೊಸದರಲ್ಲಿ ಒಮ್ಮೆ ತಪ್ಪು ಕಾರ್ಡು ಓದಿದ್ದೆ, ಆ ಮಗುವಿಗೆ ಏನೂ ಆಗಲಿಲ್ಲ, ಆದರೆ ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ ಎಂದಳು. ಎರಡೂ ಬದಿಯಲ್ಲಿ ಕೊಯ್ಲಾದ ಹೊಲಗಳು ಸರಿಯುತ್ತಿದ್ದವು. ನನಗೆ ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.

ನಾನು ಹೊರಡುವ ಮೂರು ದಿನ ಮುಂಚೆ ಸುದ್ದಿ ಬಂತು. ಕೇಂದ್ರಕ್ಕೆ ರಾಜ್ಯ ಸರ್ಕಾರವೇ ನೆರವು ಕೊಡುವುದು, ಸದ್ಯಕ್ಕೆ ಎರಡು ವರ್ಷ, ಆಮೇಲೆ ಮತ್ತೆ ಸಮಿತಿಯ ಮುಂದೆ ಬರಬೇಕು. ನನ್ನ ಮಾತಿನಿಂದ ಆಯಿತೆಂದು ನಾನು ಹೇಳುವುದಿಲ್ಲ. ಅಂದು ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೇಕು ಕತ್ತರಿಸಿದರು. ನಡುನಡುವೆ ಫೋನು ಬರುತ್ತಲೇ ಇದ್ದುದರಿಂದ ಎಲ್ಲರೂ ಒಟ್ಟಿಗೆ ಕೇಕು ತಿನ್ನಲು ಆಗಲೇ ಇಲ್ಲ. ಹೆಲೆನ್ ಅದರಲ್ಲಿ ಮೊಟ್ಟೆ ಇದೆಯೆಂದು ಮೊದಲೇ ಎಚ್ಚರಿಸಿ, ನನಗೆ ಬೇರೆ ಸೇಬು ತಂದಿದ್ದಳು.

ಮತ್ತಿಕೆರೆ

ವರದಿ ಬರೆದುಕೊಟ್ಟೆ. ಅದು ಕಡತಕ್ಕೆ ಹೋಗುವ ಮೊದಲು ಸೂಪರಿಂಟೆಂಡೆಂಟರ ಮೇಜಿನ ಎದುರು ಕುಳಿತು ಪೂರ್ತಿ ಓದಿ ಹೇಳಿದೆ. ಅವರು ಒಳ್ಳೆಯವರು, ಕೇಳಿ, ನನ್ನನ್ನು ಇಲಾಖೆಯ ಕಾರ್ಯದರ್ಶಿಗಳ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿಯ ಅಧಿಕಾರಿಗಳು ಸಮಾಧಾನದಿಂದಲೇ ಕೇಳಿಸಿಕೊಂಡು, "ಅಲ್ರೀ ಡಾಕ್ಟ್ರೇ, ಫೋನೇ ಇಲ್ದಿರೋ ಮನೆಗಳಿಗೆ ಫೋನಲ್ಲಿ ಸಲಹೆ ಕೊಡೋದು ಹೆಂಗೆ?" ಎಂದರು.

"ಮನೆಗೊಂದು ಬೇಕಿಲ್ಲ ಸಾರ್, ಊರಿಗೊಂದಿದ್ರೆ ಸಾಕು. ಹಿಟ್ಟಿನ ಗಿರಣೀಲಿ, ಹಾಲಿನ ಸೊಸೈಟೀಲಿ, ಪೋಸ್ಟಾಫೀಸಲ್ಲಿ ಇದ್ದೇ ಇರತ್ತೆ. ನಮ್ಮ ಕಡೆ ಒಂದು ಫೋನು, ಬೀಗ ಇಲ್ದಿರೋ ಕಡೆ ಇರ್ಬೇಕು, ಅಷ್ಟೇ."

ಅವರು ನಕ್ಕು ಏನೋ ಗುರುತು ಹಾಕಿಕೊಂಡರು. ಆಮೇಲೆ ಏಳು ತಿಂಗಳು ಏನೂ ಆಗಲಿಲ್ಲ. ನಮ್ಮವರು, "ನೀ ಬರದದ್ದು ಯಾರೋ ಓದಾಕತ್ತಾರ, ದೊಡ್ಡದೈತಿ, ವ್ಯಾಳ್ಯಾ ಹಿಡೀತದ" ಎಂದು ಚೇಷ್ಟೆ ಮಾಡುತ್ತಿದ್ದರು. ಎಂಟನೆಯ ತಿಂಗಳು ಆದೇಶ ಬಂತು. ತುರ್ತು ವಿಭಾಗಕ್ಕೊಂದು ಫೋನು, ಅದಕ್ಕೆಂದೇ ಇಬ್ಬರು ನರ್ಸುಗಳು, ನಂಬರಿರುವ ಕನ್ನಡದ ಚೀಟಿಗಳನ್ನು ಮುದ್ರಿಸಿ ರೇಷನ್ ಅಂಗಡಿಗಳಲ್ಲಿ ಅಂಟಿಸಲು ಅನುಮತಿ. ಎಲ್ಲವೂ ಒಂದು ವರ್ಷದ ಮಟ್ಟಿಗೆ, ಪ್ರಾಯೋಗಿಕವಾಗಿ. ಕಾರ್ಡುಗಳನ್ನು ನಾನೂ ಆ ಇಬ್ಬರು ನರ್ಸುಗಳೂ ಊಟದ ಬಿಡುವಿನಲ್ಲಿ ಕೂತು ಬರೆದೆವು: ಕಣಗಿಲೆ, ಉಮ್ಮತ್ತಿ, ಇಲಿ ಪಾಷಾಣ, ಸೀಮೆಎಣ್ಣೆ, ನುಸಿಗುಳಿಗೆ.

ಮೊದಲ ಒಂಬತ್ತು ದಿನ ಬಂದದ್ದೆಲ್ಲ ತಪ್ಪು ಕರೆಗಳು. ಸಿಮೆಂಟು ಬಂದಿದೆಯೇ ಎಂದು ಒಬ್ಬರು ಎರಡು ಸಲ ಕೇಳಿದರು. ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಮೃತಹಳ್ಳಿಯ ಗಿರಣಿಯಿಂದ ಒಬ್ಬ ಹೆಂಗಸು ಮಾತಾಡಿದಳು. ಹೆಸರು ಮುನಿಯಮ್ಮ.

"ಡಾಕ್ಟ್ರಮ್ಮಾ, ಬಟ್ಟೆಗಾಕೋ ನೀಲಿ ತಿಂದ್ಬುಟ್ಟವ್ಳೆ ನನ್ ಮಗ್ಳು. ಬಾಯೆಲ್ಲ ನೀಲಿ ಆಗೋಗೈತೆ. ತುಟೀನೂ ನೀಲಿ."

ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯಿಂದ ಅಪಾಯವಿಲ್ಲ. ಆದರೆ ಉಸಿರು ಕಟ್ಟಿದರೂ ತುಟಿ ನೀಲಿಯಾಗುತ್ತದೆ. ಮಗು ಕಂಕುಳಲ್ಲೇ ಇದೆಯೆಂದಳು. ಉಸಿರು ಹೇಗಿದೆ ಎಂದು ಕೇಳಿದೆ. ಅಳುವುದು ನನಗೇ ಕೇಳಿಸುತ್ತಿತ್ತು. ಸೆರಗಿನ ತುದಿಯನ್ನು ಒದ್ದೆ ಮಾಡಿ ತುಟಿ ಒರೆಸಲು ಹೇಳಿದೆ. ಗಿರಣಿಯ ಸದ್ದಿನ ನಡುವೆ ಕಾದೆ.

"ಸೆರಗು ನೀಲಿ ಆಯ್ತು."

"ತುಟಿ?"

"ಕೆಂಪಗೈತೆ."

"ಉಗುರು ನೋಡಮ್ಮ."

"ಉಗುರೂ ಚೆನ್ನಾಗೈತೆ."

ಬಾಯಿ ತೊಳೆಸಿ, ನೀರು ಕುಡಿಸಿ, ಆಡಿಕೊಂಡಿರಲಿ, ಆಸ್ಪತ್ರೆಗೆ ಬರಬೇಕಾದ್ದಿಲ್ಲ, ವಾಂತಿಯೋ ಮಂಪರೋ ಕಂಡರೆ ಮಾತ್ರ ಮತ್ತೆ ಫೋನು ಮಾಡು ಎಂದೆ. ಫೋನಿಟ್ಟೆ. ಇಬ್ಬರು ನರ್ಸುಗಳೂ ನನ್ನ ಮುಖವನ್ನೇ ನೋಡುತ್ತಿದ್ದರು. ಕರೆಗಳನ್ನು ದಾಖಲಿಸಲು ಇಟ್ಟಿದ್ದ ಪುಸ್ತಕ ತೆರೆದು ಮೊದಲ ಸಾಲು ಬರೆದೆ.

ಮಧ್ಯಾಹ್ನ ಎರಡರ ಹೊತ್ತಿಗೆ ತುರ್ತು ವಿಭಾಗದ ಬಾಗಿಲಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಸೆರಗಿನ ತುದಿ ನೀಲಿ. ಓಡಿಹೋಗಿ ಮಗುವಿನ ನಾಡಿ ಹಿಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಏನೂ ಇರಲಿಲ್ಲ. ಮಗು ನನ್ನ ಕೊರಳಿನಲ್ಲಿದ್ದ ಅದನ್ನೇ ಎಳೆಯುತ್ತಿತ್ತು.

"ಬರೋದು ಬೇಡ ಅಂದಿದ್ನಲ್ಲಮ್ಮ. ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ ಕಣಮ್ಮ, ಬೆಲ್ಲ ಅಕ್ಕಿ ಎಲ್ಲ ತಿಂದವ್ಳೆ. ಮಕ ಕಾಣ್ದೇ ಏಳ್ದೋರ ಮಾತ್ನ ಎಂಗೆ ನಂಬೋದು ಅಂತ ನಮ್ಮತ್ತೆ ಅಂದ್ರು. ಅದ್ಕೇ ನಿಮ್ ಮಕ ಒಂದ್ಸಲ ನೋಡ್ಕೊಂಡೋಗಾನ ಅಂತ ಬಂದೆ."

ಹಾಗೆಂದು ಅವಳು ಅವಸರವಿಲ್ಲದೆ, ಅತ್ತೆಗೆ ಹೋಗಿ ವರ್ಣಿಸಬೇಕಾದವಳಂತೆ, ನನ್ನನ್ನು ನೋಡಿದಳು. ನಾನೂ ಅಲುಗದೆ ನಿಂತೆ. ನೋಡಿ ಮುಗಿದ ಮೇಲೆ, ಸರಿ ಬರ್ತೀನಮ್ಮ ಎಂದು ಹೇಳಿ ಮೂರು ಗಂಟೆಯ ಬಸ್ಸಿಗೆ ಹೊರಟುಹೋದಳು.

ಒಳಗೆ ಬಂದು ಪುಸ್ತಕ ತೆರೆದೆ. 'ಆಸ್ಪತ್ರೆಗೆ ಬರುವ ಅಗತ್ಯವಿಲ್ಲ' ಎಂದು ಬೆಳಿಗ್ಗೆ ಬರೆದಿದ್ದ ಸಾಲಿನ ಕೆಳಗೆ, 'ಬಂದಿದ್ದರು. ಮಗು ಆರೋಗ್ಯ' ಎಂದು ಸೇರಿಸಿದೆ.